ಹೂಡಿಯ ತಾರಸಿಯಿಂದ ಶರಾವತಿಯವರೆಗೆ: ಪರ್ಯಾಯ ವಿದ್ಯುತ್ತಿನ ಲೆಕ್ಕ

"ಪರ್ಯಾಯ ಇಂಧನ ಮೂಲಗಳ ಅನುಕೂಲ ಮತ್ತು ಅನಾನುಕೂಲಗಳನ್ನು ಬರೆಯಿರಿ." ಈ ಪ್ರಶ್ನೆಗೆ ನಾವೆಲ್ಲ ಹೈಸ್ಕೂಲಿನಿಂದಲೂ ಒಂದೇ ಉತ್ತರ ಬರೆಯುತ್ತಾ ಬಂದಿದ್ದೇವೆ. ಸೌರಶಕ್ತಿಗೆ ಮಾಲಿನ್ಯವಿಲ್ಲ, ಆದರೆ ರಾತ್ರಿ ಸಿಗುವುದಿಲ್ಲ. ಗಾಳಿ ಪುಕ್ಕಟೆ, ಆದರೆ ಯಾವಾಗಲೂ ಬೀಸುವುದಿಲ್ಲ. ಅಂಕ ಬರುತ್ತೆ, ಅಲ್ಲಿಗೆ ಮುಗಿಯಿತು. ಈ ಸಲ ಅದೇ ಪ್ರಶ್ನೆಯನ್ನು ಹೂಡಿಯಲ್ಲಿ ನಿಂತು, ಕೈಯಲ್ಲಿ ಕ್ಯಾಲ್ಕುಲೇಟರ್ ಹಿಡಿದು ಕೇಳಿ ನೋಡೋಣ.

ಹೂಡಿಯೇ ಯಾಕೆ? ಬೆಂಗಳೂರಿಗೆ ಕರೆಂಟು ಇಳಿಯುವ ದೊಡ್ಡ ಬಾಗಿಲುಗಳಲ್ಲಿ ಇದೂ ಒಂದು. ಇಲ್ಲಿ ಕೆಪಿಟಿಸಿಎಲ್‌ನ 400 ಕೆ.ವಿ. ಸ್ಟೇಷನ್ ಇದೆ. ಅದಕ್ಕೆ ಕೋಲಾರದ ಕಡೆಯಿಂದ 400 ಕೆ.ವಿ. ಮಾರ್ಗ ಬರುತ್ತದೆ. ಆ ಕೋಲಾರಕ್ಕೆ 2003ರಿಂದ ಒಡಿಶಾದ ತಾಲ್ಚೇರ್‌ನ ಕಲ್ಲಿದ್ದಲು ವಿದ್ಯುತ್ತು ಸುಮಾರು 1,400 ಕಿ.ಮೀ. ದೂರದಿಂದ 500 ಕೆ.ವಿ. ಡಿ.ಸಿ. ಆಗಿ ಬಂದು ಸೇರುತ್ತಿದೆ. ಗ್ರಿಡ್ಡಿನಲ್ಲಿ ಯಾವ ಯೂನಿಟ್ ಯಾರದ್ದು ಎಂದು ಬಿಡಿಸಿ ಹೇಳಲು ಆಗುವುದಿಲ್ಲ, ಎಲ್ಲವೂ ಬೆರೆತೇ ಇರುತ್ತದೆ. ಆದರೂ ಹೂಡಿ ಮೆಟ್ರೋ ಸ್ಟೇಷನ್ನಿನಲ್ಲಿ ನಿಂತು "ಹೊಗೆ ಇಲ್ಲದ ಸವಾರಿ" ಅನ್ನುವಾಗ, ಹೊಗೆಯ ಒಂದು ಪಾಲು ಬೇರೆ ಯಾರದೋ ಊರಿನ ಮೇಲೆ ಹೋಗುತ್ತಿದೆ ಅನ್ನುವುದು ನೆನಪಿರಲಿ.

ಹಾಗಾದರೆ ನಮ್ಮ ತಾರಸಿಯಲ್ಲೇ ಮಾಡಿಕೊಂಡರೆ? ಹತ್ತು ಮಹಡಿ, ಮಹಡಿಗೆ ನಾಲ್ಕರಂತೆ 40 ಮನೆಗಳಿರುವ ಒಂದು ಅಪಾರ್ಟ್‌ಮೆಂಟ್ ಇದೆ ಎಂದಿಟ್ಟುಕೊಳ್ಳಿ. ತಾರಸಿ 5,000 ಚದರ ಅಡಿ. ನೀರಿನ ಟ್ಯಾಂಕು, ಲಿಫ್ಟ್ ರೂಮು, ಪಕ್ಕದ ಕಟ್ಟಡದ ನೆರಳು ಇವೆಲ್ಲ ಕಳೆದರೆ ಅರ್ಧ ಉಳಿದೀತು. ಒಂದು ಕಿಲೋವ್ಯಾಟಿಗೆ ಸುಮಾರು 100 ಚದರ ಅಡಿ ಬೇಕು, ಅಂದರೆ 25 ಕಿಲೋವ್ಯಾಟ್. ಬೆಂಗಳೂರಿನ ಬಿಸಿಲಿಗೆ ಒಂದು ಕಿಲೋವ್ಯಾಟ್ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ. ಒಟ್ಟು 100 ಯೂನಿಟ್. 40 ಮನೆಗೆ ಹಂಚಿದರೆ ಮನೆಗೆ ಎರಡೂವರೆ ಯೂನಿಟ್! ಗೀಸರ್, ಫ್ರಿಜ್ಜು, ಇಬ್ಬರ ವರ್ಕ್ ಫ್ರಂ ಹೋಮ್ ಇರುವ ಮನೆಗೆ ಇದು ಯಾವ ಮೂಲೆಗೂ ಸಾಲದು. ಲಿಫ್ಟು, ಪಂಪು, ಮೆಟ್ಟಿಲ ದೀಪಗಳ ಖರ್ಚಿಗೆ ಒಂದಿಷ್ಟು ಆಸರೆ ಆಗಬಹುದು, ಅಷ್ಟೆ.

ಹಳೇ ಹೂಡಿ ಊರೊಳಗಿನ ಒಂಟಿ ಮನೆಗಳ ಕಥೆ ಬೇರೆ. 300 ಚದರ ಅಡಿ ಸಿಕ್ಕರೆ 3 ಕಿಲೋವ್ಯಾಟ್, ದಿನಕ್ಕೆ 12 ಯೂನಿಟ್. ಕೇಂದ್ರದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಇದಕ್ಕೆ 78,000 ರೂಪಾಯಿ ಸಬ್ಸಿಡಿಯೂ ಇದೆ. ಆದರೆ ಗೃಹಜ್ಯೋತಿಯಲ್ಲಿ ಬಿಲ್ಲೇ ಸೊನ್ನೆ ಬರುತ್ತಿರುವ ಮನೆಯವರು ಪ್ಯಾನೆಲ್‌ಗೆ ಯಾಕೆ ದುಡ್ಡು ಹಾಕುತ್ತಾರೆ? ಜಾಗ ಇರುವವರಿಗೆ ಆಸೆ ಇಲ್ಲ, ಆಸೆ ಇರುವವರಿಗೆ ಜಾಗ ಇಲ್ಲ. ಇದು ಯಾವ ಪಠ್ಯಪುಸ್ತಕದ ಅನಾನುಕೂಲಗಳ ಪಟ್ಟಿಯಲ್ಲೂ ನಮಗೆ ಕಂಡಿಲ್ಲ.

ಇನ್ನೊಂದು ವಿಷಯ, ಇಇ ಹುಡುಗರನ್ನು ಬಿಟ್ಟು ಉಳಿದವರಿಗೆ. ಬ್ಯಾಟರಿ ಇಲ್ಲದ ಗ್ರಿಡ್ ಸೋಲಾರ್ ಹಾಕಿಸಿದ ಮನೆಯಲ್ಲಿ ಕರೆಂಟು ಹೋದರೆ ಸೋಲಾರೂ ನಿಲ್ಲುತ್ತದೆ, ನೆತ್ತಿಯ ಮೇಲೆ ಸುಡುಬಿಸಿಲಿದ್ದರೂ. ಕೆಟ್ಟಿದ್ದರಿಂದಲ್ಲ, ಹಾಗೆಯೇ ಮಾಡಿರುತ್ತಾರೆ. ಲೈನ್ ಆಫ್ ಆಗಿದೆ ಎಂದು ನಂಬಿ ಕಂಬ ಹತ್ತಿದ ಲೈನ್‌ಮನ್‌ಗೆ ನಮ್ಮ ತಾರಸಿಯಿಂದ ಕರೆಂಟು ಹೊಡೆಯಬಾರದಲ್ಲ! ಇನ್ವರ್ಟರ್ ಗ್ರಿಡ್ಡಿನ ವೋಲ್ಟೇಜನ್ನೂ ಫ್ರೀಕ್ವೆನ್ಸಿಯನ್ನೂ ನೋಡುತ್ತಲೇ ಇರುತ್ತದೆ, ಅದು ಕಾಣದಿದ್ದರೆ ತಾನೂ ಸುಮ್ಮನಾಗುತ್ತದೆ.

ನಮಗೆ ಹೆಚ್ಚು ಇಷ್ಟವಾದ ಲೆಕ್ಕ ಬಿಸಿನೀರಿನದು. 100 ಲೀಟರ್ ನೀರನ್ನು 20ರಿಂದ 60 ಡಿಗ್ರಿಗೆ ಏರಿಸಲು ಸುಮಾರು 4.6 ಯೂನಿಟ್ ಬೇಕು. ಎರಡು ಚದರ ಮೀಟರ್‌ನ ಸೋಲಾರ್ ವಾಟರ್ ಹೀಟರ್ ಒಳ್ಳೆಯ ಬಿಸಿಲಿನ ದಿನ ಹೆಚ್ಚುಕಡಿಮೆ ಅಷ್ಟನ್ನು ಕೊಡುತ್ತದೆ. ಅಷ್ಟೇ ಜಾಗದ ಪ್ಯಾನೆಲ್ ಕೊಡುವುದು ಒಂದೂವರೆ ಯೂನಿಟ್ ಚಿಲ್ಲರೆ. ಬಿಸಿಲನ್ನು ವಿದ್ಯುತ್ತು ಮಾಡಿ ಮತ್ತೆ ಶಾಖ ಮಾಡುವುದೆಂದರೆ ಮೂಗನ್ನು ತಲೆಯ ಸುತ್ತ ಬಳಸಿ ಹಿಡಿದಂತೆ. ಆದರೆ ಅದೇ ಒಂದೂವರೆ ಯೂನಿಟ್ಟನ್ನು ಹೀಟ್ ಪಂಪ್‌ಗೆ ಕೊಟ್ಟರೆ ಮೂರು ಪಟ್ಟು ಶಾಖ ಸಿಗುತ್ತದೆ, ಲೆಕ್ಕ ಮತ್ತೆ ಸಮ! ಥರ್ಮೋಡೈನಾಮಿಕ್ಸ್ ಬೋರ್ ಅನ್ನುವವರು ಇದನ್ನೊಮ್ಮೆ ಹಾಕಿ ನೋಡಿ.

ನಗರದಲ್ಲಿ ಜಾಗ ಇಲ್ಲ ಅಂದಮೇಲೆ ಹಳ್ಳಿಗೆ ಹೋಗಬೇಕು. ಹೋದದ್ದು ತುಮಕೂರು ಜಿಲ್ಲೆಯ ಪಾವಗಡಕ್ಕೆ. ತಿರುಮಣಿ, ವಳ್ಳೂರು ಸೇರಿ ಐದು ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್. ಒಂದು ಮೆಗಾವ್ಯಾಟಿಗೆ ಆರು ಎಕರೆಗೂ ಹೆಚ್ಚು. 2,050 ಅನ್ನುವುದು ನಡುಮಧ್ಯಾಹ್ನದ ಮಾತು. ರಾತ್ರಿ, ಮೋಡ ಎಲ್ಲ ಸೇರಿಸಿದರೆ ಸೌರ ಪಾರ್ಕುಗಳ ವರ್ಷದ ಸರಾಸರಿ ಅದರ ನಾಲ್ಕನೇ ಒಂದು ಭಾಗದ ಆಸುಪಾಸು, ಅಂದರೆ 500 ಮೆಗಾವ್ಯಾಟ್. ಪೇಪರಿನಲ್ಲಿ ಮೆಗಾವ್ಯಾಟ್ ಓದಿದಾಗಲೆಲ್ಲ ಈ ಭಾಗಾಕಾರ ಮಾಡಿಕೊಳ್ಳಿ.

ಪಾವಗಡದಲ್ಲಿ ನಮಗೆ ಮೆಚ್ಚುಗೆಯಾದದ್ದು, ಜಮೀನನ್ನು ಕಿತ್ತುಕೊಳ್ಳಲಿಲ್ಲ, ಗುತ್ತಿಗೆಗೆ ತೆಗೆದುಕೊಂಡರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಮಳೆಯನ್ನೇ ನಂಬಿ ಶೇಂಗಾ ಬಿತ್ತಿ ಕೈಸುಟ್ಟುಕೊಳ್ಳುತ್ತಿದ್ದ ಸೀಮೆಗೆ ಇದು ಖಾತ್ರಿ ಆದಾಯ. ಜಮೀನು ಇದ್ದವರಿಗೆ, ಅಷ್ಟೇ. ಅದೇ ಹೊಲದಲ್ಲಿ ಕೂಲಿ ಮಾಡುತ್ತಿದ್ದವರಿಗೆ ಗುತ್ತಿಗೆ ಹಣ ಬರುವುದಿಲ್ಲ, ಕುರಿ ಮೇಯಿಸುತ್ತಿದ್ದವರಿಗೂ ಇಲ್ಲ. ಪ್ಯಾನೆಲ್ ಒರೆಸುವ, ಹುಲ್ಲು ಕೀಳುವ ಕೆಲಸ ಎಲ್ಲರಿಗೂ ಸಾಲುವುದಿಲ್ಲ. "ಸೌರಶಕ್ತಿಗೆ ಹೆಚ್ಚು ಜಾಗ ಬೇಕು" ಎಂದು ಒಂದು ಸಾಲು ಬರೆದು ನಾವು ಮುಂದಕ್ಕೆ ಹೋಗುತ್ತೇವಲ್ಲ, ಆ ಸಾಲಿನೊಳಗೆ ಇಷ್ಟು ಜನ ಇದ್ದಾರೆ.

ಗಾಳಿಯ ವಿಚಾರ ಬೇಗ ಮುಗಿಸೋಣ. ಚಿತ್ರದುರ್ಗ, ಗದಗದ ಗುಡ್ಡಗಳಲ್ಲಿ ಗಾಳಿ ಜೋರಾಗುವುದು ಮುಂಗಾರಿನಲ್ಲಿ, ಅಂದರೆ ಮೋಡದಿಂದ ಸೌರ ಕುಗ್ಗುವ ಹೊತ್ತಿಗೆ. ಈ ಜೋಡಿ ನಮ್ಮ ರಾಜ್ಯದ ಅದೃಷ್ಟ. ಕೈಗಾ ಅಣುಸ್ಥಾವರ ಕೇವಲ 880 ಮೆಗಾವ್ಯಾಟ್, ಆದರೆ ಹಗಲು ರಾತ್ರಿ ಎನ್ನದೆ ಓಡುತ್ತದೆ. ಅದರ ಮೊದಲ ಘಟಕ 2018ರ ಕೊನೆಯ ದಿನದವರೆಗೆ 962 ದಿನ ನಿಲ್ಲದೆ ನಡೆದು ವಿಶ್ವದಾಖಲೆ ಮಾಡಿತ್ತು. ಅದರ ತ್ಯಾಜ್ಯವನ್ನು ಎಷ್ಟೋ ತಲೆಮಾರು ಕಾಯಬೇಕು ಅನ್ನುವ ಮಾತು ಹಾಗೇ ಉಳಿದಿದೆ. ಅದನ್ನು ವಿರೋಧಿಸಿ ಶಿವರಾಮ ಕಾರಂತರು 1989ರಲ್ಲಿ ಲೋಕಸಭೆ ಚುನಾವಣೆಗೇ ನಿಂತಿದ್ದರು.

ಈಗ ರಾತ್ರಿಯ ಪ್ರಶ್ನೆ. 2023ರಲ್ಲಿ ಮುಂಗಾರು ಕೈಕೊಟ್ಟಾಗ ಜಲಾಶಯ ತುಂಬಲಿಲ್ಲ, ಪಂಪ್‌ಸೆಟ್ ಬೇಡಿಕೆ ಏರಿತು. ಅಕ್ಟೋಬರ್‌ನಲ್ಲಿ ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಬಳಸಿ, ಖಾಸಗಿ ಉತ್ಪಾದಕರು ರಾಜ್ಯಕ್ಕೇ ಕರೆಂಟು ಕೊಡಬೇಕು ಎಂದು ಆದೇಶಿಸಿತು. ಮಧ್ಯಾಹ್ನದ ಸೌರವಿದ್ಯುತ್ತನ್ನು ಸಂಜೆಗೆ ಎತ್ತಿಡುವ ದಾರಿ ಬೇಕು ಅನ್ನುವುದು ಆಗ ಎಲ್ಲರಿಗೂ ಅರ್ಥವಾಯಿತು.

ಅದಕ್ಕೆ ಮುಂದಿಟ್ಟಿರುವ ದೊಡ್ಡ ಯೋಜನೆ ಶರಾವತಿ ಪಂಪ್ಡ್ ಸ್ಟೋರೇಜ್, 2,000 ಮೆಗಾವ್ಯಾಟ್. ಹಗಲು ಕೆಳಗಿನ ಗೇರುಸೊಪ್ಪ ಜಲಾಶಯದ ನೀರನ್ನು ಮೇಲಿನ ತಲಕಳಲೆಗೆ ಎತ್ತುವುದು, ಸಂಜೆ ಅದೇ ನೀರನ್ನು ಇಳಿಸಿ ವಿದ್ಯುತ್ತು ಮಾಡುವುದು. ಇಂಥ ಕಡೆ 100 ಯೂನಿಟ್ ಕೊಟ್ಟರೆ ವಾಪಸ್ ಬರುವುದು 75–80. ಎಂಜಿನಿಯರಿಂಗ್ ಆಗಿ ಸೊಗಸಾದ ಕೆಲಸ, ಬ್ಯಾಟರಿಯಂತೆ ಕೆಲವೇ ವರ್ಷಕ್ಕೆ ಸವೆಯುವುದೂ ಇಲ್ಲ. ಆದರೆ ಜಾಗ ಸಿಂಗಳೀಕಗಳ ಅಭಯಾರಣ್ಯ. ಅದಕ್ಕಿಂತ ಹೆಚ್ಚಾಗಿ, 1964ರ ಲಿಂಗನಮಕ್ಕಿ ಅಣೆಕಟ್ಟಿಗೆ ಊರು ಬಿಟ್ಟುಕೊಟ್ಟ ಕುಟುಂಬಗಳಲ್ಲಿ ಹಲವರು ಬದಲಿ ಜಮೀನಿನ ಹಕ್ಕುಪತ್ರಕ್ಕೆ ಅರವತ್ತು ವರ್ಷವಾದರೂ ಅಲೆಯುತ್ತಲೇ ಇದ್ದಾರೆ. ಮೊದಲ ಸಾಲವೇ ತೀರಿಲ್ಲದ ಕಣಿವೆಯಲ್ಲಿ ಎರಡನೇ ಸಾಲ ಕೇಳುವುದು ಸರಿಯಲ್ಲ ಅನ್ನುವುದು ನಮ್ಮ ಅಭಿಪ್ರಾಯ. ಒಪ್ಪದ ಗೆಳೆಯರು ನಮ್ಮ ಸಂಘದಲ್ಲೇ ಇದ್ದಾರೆ, ಅವರು ಮುಂದಿನ ಸಂಚಿಕೆಗೆ ಬರೆಯಲಿ.

ಅಲ್ಲಿಯವರೆಗೆ ಹಾಸ್ಟೆಲ್ಲಿನಲ್ಲೇ ಮಾಡಬಹುದಾದ ಒಂದು ಸಂಗತಿ ಇದೆ. ನಮ್ಮ ಗೀಸರ್‌ಗಳು ಉರಿಯುವುದು ಬೆಳಿಗ್ಗೆ ಆರರಿಂದ ಎಂಟರೊಳಗೆ. ಆಗ ಪಾವಗಡದಲ್ಲೂ ಬಿಸಿಲು ಏರಿರುವುದಿಲ್ಲ. ಕವಚ ಚೆನ್ನಾಗಿರುವ ದೊಡ್ಡ ಟ್ಯಾಂಕಿಗೆ ಟೈಮರ್ ಹಾಕಿ ಮಧ್ಯಾಹ್ನ ಒಂದು ಗಂಟೆಗೆ ಕಾಯಿಸಿಟ್ಟರೆ ಸಂಜೆ ಸ್ನಾನಕ್ಕೆ ನೀರು ಬಿಸಿಯಾಗಿಯೇ ಇರುತ್ತದೆ. ವಾಷಿಂಗ್ ಮಷಿನ್, ಇ-ಸ್ಕೂಟರ್ ಚಾರ್ಜಿಂಗ್ ಕೂಡ ಹಾಗೇ. ಟೈಮರ್ ಬೆಲೆ ಕೆಲವು ನೂರು ರೂಪಾಯಿ. ಬೆಳಗಿನ ಸ್ನಾನ ಬಿಟ್ಟು ಸಂಜೆಗೆ ಯಾರು ಒಪ್ಪುತ್ತಾರೋ, ಅದನ್ನು ವಾರ್ಡನ್ ಸರ್ ಹತ್ತಿರ ಮಾತಾಡಬೇಕು.