ನವೆಂಬರ್ 1ರ ಮೆರವಣಿಗೆ: ಯಾವುದು ಎಷ್ಟು ಹಳೆಯದು?

ನವೆಂಬರ್ 1 ಬಂತು ಅಂದರೆ ನಮ್ಮ ರಾಮನಗರದ ಕಡೆ ಒಂದು ನೋಟ ಖಾಯಂ. ಹೂವಿನಿಂದ ಸಿಂಗರಿಸಿದ ಟ್ರ್ಯಾಕ್ಟರ್, ಅದರ ಮೇಲೆ ತಾಯಿ ಭುವನೇಶ್ವರಿಯ ಫೋಟೋ, ಮುಂದೆ ತಮಟೆ ಮತ್ತು ಪೂಜಾ ಕುಣಿತ, ಹಿಂದೆ ಶಾಲೆ ಮಕ್ಕಳು, ಎಲ್ಲರ ಕೈಯಲ್ಲೂ ಹಳದಿ-ಕೆಂಪು ಬಾವುಟ. ಕೂಟಗಲ್ ಹೋಬಳಿಯ ಹಳ್ಳಿಗಳಿಂದ ಕಾಲೇಜಿಗೆ ಬರುವವರೂ ಪೇಟೆಯವರೂ ಇದನ್ನು ಚಿಕ್ಕಂದಿನಿಂದ ನೋಡಿಕೊಂಡೇ ಬಂದಿದ್ದೇವೆ. ಹಾಗಾಗಿ ಇದೆಲ್ಲ 1956ರಲ್ಲಿ ಒಟ್ಟಿಗೇ ಶುರುವಾಯ್ತು ಅಂತ ಅಂದುಕೊಂಡುಬಿಡ್ತೇವೆ. ಆದರೆ ಒಂದೊಂದು ಭಾಗದ ವಯಸ್ಸು ಒಂದೊಂದು. ವರ್ಕ್‌ಶಾಪ್‌ನಲ್ಲಿ ಎಂಜಿನ್ ಬಿಚ್ಚಿ ನೋಡುವ ಹಾಗೆ ಇದನ್ನೂ ಬಿಚ್ಚಿ ನೋಡೋಣ.

ಕುಣಿತ ಮತ್ತು ವಾಹನ

ಎಲ್ಲಕ್ಕಿಂತ ಹಳೆಯದು ತಮಟೆ ಮತ್ತು ಕುಣಿತ. ಇವು ರಾಜ್ಯೋತ್ಸವಕ್ಕೆ ಅಂತ ಹುಟ್ಟಿದ್ದಲ್ಲ, ಊರ ಹಬ್ಬ-ಜಾತ್ರೆಗಳಲ್ಲಿ ದೇವರ ಮುಂದೆ ನಡೆಯುತ್ತಿದ್ದವು. ಈ ಕಲೆಗಳನ್ನು ಒಂದೇ ಕಡೆ ತಿಳಿದುಕೊಳ್ಳಬೇಕು ಅನ್ನುವವರಿಗೆ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ನಮ್ಮ ಪಕ್ಕದಲ್ಲೇ ಇದೆ.

ಮೆರವಣಿಗೆಯ ದೊಡ್ಡ ಮಾದರಿ ಹಳೇ ಮೈಸೂರಿನವರಾದ ನಮಗೆ ದಸರಾ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಅದನ್ನು ಆರಂಭಿಸಿದರು. ಮುಂದೆ ಮೈಸೂರಿನ ಜಂಬೂ ಸವಾರಿಯಲ್ಲಿ ಅಂಬಾರಿ ಮೇಲೆ ಕೂರುತ್ತಿದ್ದವರು ಮಹಾರಾಜರು. 1971ರಲ್ಲಿ ರಾಜಧನ ರದ್ದಾಯ್ತು, ಈಗ ಅಲ್ಲಿ ಇರುವುದು ಚಾಮುಂಡೇಶ್ವರಿಯ ವಿಗ್ರಹ.

ಉತ್ತರದ ಕಡೆ ಕಥೆ ಬೇರೆ. ಧಾರವಾಡ, ಬೆಳಗಾವಿ, ವಿಜಯಪುರ ಮುಂಬೈ ಪ್ರಾಂತ್ಯದಲ್ಲಿದ್ದವು. ಅಲ್ಲಿ ಕನ್ನಡಕ್ಕೆ ಒಬ್ಬ ಮಹಾರಾಜ ಇರಲಿಲ್ಲ. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಆಲೂರು ವೆಂಕಟರಾಯರಂಥವರು ಏಕೀಕರಣದ ಮಾತನ್ನು ಊರೂರಿಗೆ ಒಯ್ದರು. ನವರಾತ್ರಿಯ ಹೊತ್ತಿಗೆ ಅಲ್ಲಿನವರು 'ನಾಡಹಬ್ಬ' ಮಾಡುತ್ತಿದ್ದರು. ರಾಜ ಇಲ್ಲದ ಆ ಹಬ್ಬದಲ್ಲಿ ಪೂಜೆ ನಾಡದೇವಿಗೆ. ನಮ್ಮ ಟ್ರ್ಯಾಕ್ಟರ್ ಮೇಲಿನ ಭುವನೇಶ್ವರಿಯನ್ನು ನೋಡಿದರೆ ಮೈಸೂರಿನ ಸವಾರಿಯೂ ಧಾರವಾಡದ ದೇವಿಯೂ ಒಂದೇ ವಾಹನ ಹತ್ತಿದ ಹಾಗೆ ನಮಗೆ ಅನಿಸುತ್ತೆ.

ತಾರೀಖು, ಬಾವುಟ, ಹೆಸರು

ತಾರೀಖು 1956ರದು. 1953ರಲ್ಲಿ ಅದರಗುಂಚಿ ಶಂಕರಗೌಡ ಪಾಟೀಲರು ಏಕೀಕರಣಕ್ಕಾಗಿ ಉಪವಾಸ ಕೂತರು. ಅದೇ ವರ್ಷ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಸೇರಿತು. ಡಿಸೆಂಬರ್‌ನಲ್ಲಿ ಫಜಲ್ ಅಲಿ ಆಯೋಗ ನೇಮಕವಾಯ್ತು. 1955ರಲ್ಲಿ ಅದರ ವರದಿ ಬಂತು, ಮರುವರ್ಷ ನವೆಂಬರ್ 1ಕ್ಕೆ ಹೊಸ ರಾಜ್ಯ. ಆದರೆ ಅವತ್ತು ಅದರ ಹೆಸರು ಇನ್ನೂ 'ಮೈಸೂರು'. 'ಕರ್ನಾಟಕ' ಆಗಿದ್ದು 17 ವರ್ಷ ಆದಮೇಲೆ, 1973ರ ನವೆಂಬರ್ 1ರಂದು, ದೇವರಾಜ ಅರಸರು ಮುಖ್ಯಮಂತ್ರಿ ಆಗಿದ್ದಾಗ.

ಹಳದಿ-ಕೆಂಪು ಬಾವುಟವೂ 1956ರದಲ್ಲ. ಕನ್ನಡ ಹೋರಾಟಗಾರ ಮ. ರಾಮಮೂರ್ತಿಯವರು ಅದನ್ನು ರೂಪಿಸಿದ್ದು 1960ರ ದಶಕದಲ್ಲಿ. ಕುವೆಂಪು ಅವರ ಗೀತೆ ಅಧಿಕೃತವಾಗಿ ನಾಡಗೀತೆ ಆಗಿದ್ದು 2004ರಲ್ಲಿ. ಅಂದರೆ ಮೊದಲ ನವೆಂಬರ್ 1ರಂದು ಈ ಬಾವುಟ ಇಲ್ಲ, ರಾಜ್ಯಕ್ಕೆ ಈ ಹೆಸರೂ ಇಲ್ಲ!

ನಮ್ಮೂರಿನವರ ಪಾಲು

ಈಗ ಮುಖ್ಯ ವಿಷಯಕ್ಕೆ ಬರೋಣ. ಏಕೀಕರಣ ಎಲ್ಲರಿಗೂ ಬೇಕಿತ್ತು ಅಂತ ನಾವು ತಿಳಿದಿರ್ತೇವೆ. ಹಳೇ ಮೈಸೂರಿನಲ್ಲಿ ಹಾಗಿರಲಿಲ್ಲ. ನಮ್ಮಲ್ಲಿ ಕನ್ನಂಬಾಡಿ ಕಟ್ಟೆ ಇತ್ತು, ವಿದ್ಯುತ್ ಇತ್ತು, ಕಾರ್ಖಾನೆಗಳಿದ್ದವು, ವಿಶ್ವವಿದ್ಯಾಲಯ ಇತ್ತು. ಹಿಂದುಳಿದ ಜಿಲ್ಲೆಗಳು ಸೇರಿದರೆ ನಮ್ಮ ದುಡ್ಡೆಲ್ಲ ಅಲ್ಲಿಗೇ ಹೋಗುತ್ತೆ ಅನ್ನುವ ಭಯ ಒಂದು ಕಡೆ. ಯಾವ ಜಾತಿಯ ಸಂಖ್ಯಾಬಲ ಎಷ್ಟಾಗುತ್ತೆ ಅನ್ನುವ ಲೆಕ್ಕ ಇನ್ನೊಂದು ಕಡೆ. ಎರಡು ಕನ್ನಡ ರಾಜ್ಯಗಳೇ ಇರಲಿ ಅಂದವರೂ ಇದ್ದರು.

ಆಗ ಮೈಸೂರಿನ ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು. 1908ರಲ್ಲಿ ರಾಮನಗರದ ಹತ್ತಿರದ ಲಕ್ಕಪ್ಪನಹಳ್ಳಿಯಲ್ಲಿ ಹುಟ್ಟಿದವರು. ತಮ್ಮ ಕಡೆಯ ಜನರಲ್ಲೇ ವಿರೋಧ ಇದ್ದರೂ ಅವರು ಏಕೀಕರಣದ ಪರ ನಿಂತರು. ಆದರೆ ಪಕ್ಷದೊಳಗಿನ ಭಿನ್ನಮತದಿಂದ 1956ರ ಆಗಸ್ಟ್‌ನಲ್ಲಿ ಅಧಿಕಾರ ಬಿಡಬೇಕಾಯ್ತು. ಕಡಿದಾಳ್ ಮಂಜಪ್ಪನವರು ಸ್ವಲ್ಪ ದಿನ ಮುಖ್ಯಮಂತ್ರಿಯಾದರು. ನವೆಂಬರ್ 1ರಂದು ವಿಶಾಲ ರಾಜ್ಯದ ಮೊದಲ ಮುಖ್ಯಮಂತ್ರಿ ಆದವರು ಎಸ್. ನಿಜಲಿಂಗಪ್ಪನವರು. ಕೆಂಗಲ್ ಅವರಿಗೆ ಆ ದಿನವನ್ನು ಮುಖ್ಯಮಂತ್ರಿಯಾಗಿ ನೋಡುವ ಅವಕಾಶ ಸಿಗಲಿಲ್ಲ. ವಿಧಾನಸೌಧ ಅಂದರೆ ಅವರ ಹೆಸರು ಎಲ್ಲರಿಗೂ ನೆನಪಾಗುತ್ತೆ. ನಮ್ಮ ಲೆಕ್ಕದಲ್ಲಿ ನವೆಂಬರ್ 1ಕ್ಕೂ ಅಷ್ಟೇ ನೆನಪಾಗಬೇಕು.

ಮೆರವಣಿಗೆಯ ಒಳಗೆ, ಹೊರಗೆ

ನಮ್ಮ ಹಾಸ್ಟೆಲ್‌ಗಳಲ್ಲಿ ಬೀದರ್, ಕಲಬುರಗಿ, ರಾಯಚೂರಿನ ಗೆಳೆಯರಿದ್ದಾರೆ. ಅವರ ಮುತ್ತಜ್ಜಂದಿರ ಕಾಲದಲ್ಲಿ ಅಲ್ಲಿ ನಿಜಾಮರ ಆಡಳಿತ, ಕಚೇರಿ ಭಾಷೆ ಉರ್ದು. ಮನೆಯಲ್ಲಿ ಕನ್ನಡ ಆಡುವವರು ಒಂದು ಅರ್ಜಿ ಕೊಡಬೇಕಾದರೂ ಇನ್ನೊಂದು ಭಾಷೆಯ ಮುಂದೆ ನಿಲ್ಲಬೇಕಿತ್ತು. ನಮಗೆ ಮೈಸೂರು ರಾಜ್ಯದಲ್ಲಿ ಮೊದಲೇ ಸಿಕ್ಕಿದ್ದಕ್ಕೆ ಅವರು ಹೋರಾಡಬೇಕಾಯ್ತು. ಉತ್ತರ ಕರ್ನಾಟಕದ ಕನ್ನಡ ಕೇಳಿ ನಗುವ ಮೊದಲು ಇದು ಗೊತ್ತಿರಬೇಕು.

ಹೊರಗೆ ಉಳಿದವರೂ ಇದ್ದಾರೆ. ನವೆಂಬರ್ 1 ಕೇರಳ ಹುಟ್ಟಿದ ದಿನವೂ ಹೌದು, ಕಾಸರಗೋಡು ಅವತ್ತೇ ಆ ರಾಜ್ಯಕ್ಕೆ ಸೇರಿತು. ಚಂದ್ರಗಿರಿ ನದಿಯಿಂದ ಉತ್ತರದ ಭಾಗ ನಮ್ಮ ರಾಜ್ಯಕ್ಕೆ ಬರಬೇಕು ಅಂತ 1967ರಲ್ಲಿ ಮಹಾಜನ್ ಆಯೋಗ ಹೇಳಿತು. ಅದು ಜಾರಿಗೆ ಬರಲಿಲ್ಲ.

ಇನ್ನು ನಮ್ಮ ವಿಷಯ. ನಮ್ಮಲ್ಲಿ ಬಹಳಷ್ಟು ಜನ ಇಂಗ್ಲಿಷ್ ಮೀಡಿಯಂನವರು. ಲ್ಯಾಬ್ ರೆಕಾರ್ಡ್ ಇಂಗ್ಲಿಷ್‌ನಲ್ಲಿ, ಸ್ಟೇಟಸ್ ಮಾತ್ರ ವರ್ಷಕ್ಕೊಂದು ದಿನ ಹಳದಿ-ಕೆಂಪು. ಬಾವುಟ ಹಿಡಿಯೋದು ತಪ್ಪಲ್ಲ, ಚೆನ್ನಾಗಿಯೇ ಹಿಡಿಯೋಣ. ಜೊತೆಗೆ ಈ ವರ್ಷ ಕಾಲೇಜಿನ ಮೆರವಣಿಗೆಯಲ್ಲಿ ಬೀದರಿನ ಗೆಳೆಯರ ಕೈಗೆ ಮೈಕ್ ಕೊಡೋಣ, ಅವರ ಕನ್ನಡದಲ್ಲೇ ಅವರ ಊರಿನ ಏಕೀಕರಣದ ಕಥೆ ಕೇಳೋಣ. ನಾವು ಲಕ್ಕಪ್ಪನಹಳ್ಳಿಯ ಹನುಮಂತಯ್ಯನವರ ಕಥೆ ಹೇಳೋಣ.