ಹೋಲೆಹೋಲೆ ಬುಷಿ: ಹವಾಯಿಯ ಜಪಾನೀ ವಲಸೆ ಕುಟುಂಬ ಮತ್ತು ಶ್ರಮಗೀತೆಯ ಸಾಕ್ಷ್ಯ

ವಲಸೆಯ ಚರಿತ್ರೆಯನ್ನು ಕಟ್ಟುವಾಗ ಹಡಗಿನ ಪಟ್ಟಿ, ಕರಾರುಪತ್ರ, ಕೂಲಿಯ ಲೆಕ್ಕಗಳೇ ಪ್ರಧಾನ ಆಕರಗಳಾಗುತ್ತವೆ. ಇವು ದುಡಿಯುವ ವ್ಯಕ್ತಿಯನ್ನು ಗುರುತಿಸುತ್ತವೆಯೇ ಹೊರತು ಕುಟುಂಬದ ಒಳಬದುಕನ್ನಲ್ಲ. ಹವಾಯಿಯ ಕಬ್ಬಿನ ತೋಟಗಳಲ್ಲಿ ಜಪಾನೀ ಮಹಿಳೆಯರು ಹಾಡುತ್ತಿದ್ದ 'ಹೋಲೆಹೋಲೆ ಬುಷಿ' ಎಂಬ ಶ್ರಮಗೀತೆಗಳು ಈ ಕೊರತೆಯನ್ನು ಎಷ್ಟರಮಟ್ಟಿಗೆ ತುಂಬಬಲ್ಲವು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

೧. ಚಾರಿತ್ರಿಕ ಹಿನ್ನೆಲೆ

ಆಗ ಸ್ವತಂತ್ರ ರಾಜ್ಯವಾಗಿದ್ದ ಹವಾಯಿಯೊಡನೆ ಜಪಾನ್ ಸರ್ಕಾರ ಮಾಡಿಕೊಂಡ ಏರ್ಪಾಡಿನಂತೆ 1885ರ ಫೆಬ್ರವರಿಯಲ್ಲಿ 'ಸಿಟಿ ಆಫ್ ಟೋಕಿಯೊ' ಹಡಗು 900ಕ್ಕೂ ಹೆಚ್ಚು ಜನರನ್ನು ಹೊನೊಲುಲುವಿಗೆ ತಂದಿತು. 1894ರ ವೇಳೆಗೆ ಈ ಏರ್ಪಾಡಿನಡಿ ಬಂದವರು ಸುಮಾರು 29,000. ಹಿರೋಷಿಮಾ, ಯಮಗುಚಿ, ಕುಮಾಮೊತೊ ಪ್ರಾಂತಗಳ ರೈತಾಪಿ ಜನರೇ ಇವರಲ್ಲಿ ಅಧಿಕ. ಕರಾರಿನ ಅವಧಿ ಮೂರು ವರ್ಷ. ತೋಟದಲ್ಲಿ ಪ್ರತಿಯೊಬ್ಬರಿಗೂ 'ಬಾಂಗೊ' ಎಂಬ ಲೋಹದ ಬಿಲ್ಲೆ. ಹೆಸರಿನ ಸ್ಥಾನದಲ್ಲಿ ಸಂಖ್ಯೆ. ಹೆಣ್ಣಿಗೆ ಗಂಡಿಗಿಂತ ಕಡಿಮೆ ಕೂಲಿ. ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ದುಡಿದ ತಾಯಂದಿರ ಶ್ರಮಕ್ಕೆ ಲೆಕ್ಕದ ಪುಸ್ತಕದಲ್ಲಿ ಬೇರೆ ಕಲಮು ಇರಲಿಲ್ಲ.

೨. ಹೆಸರು ಮತ್ತು ವಸ್ತು

'ಹೋಲೆ' ಎಂಬುದು ಹವಾಯಿ ಭಾಷೆಯ ಪದ. ಕಬ್ಬಿನ ಒಣ ರವದಿಯನ್ನು ಸುಲಿಯುವ ಕೆಲಸಕ್ಕೆ ತೋಟಗಳಲ್ಲಿ 'ಹೋಲೆಹೋಲೆ' ಎನ್ನುತ್ತಿದ್ದರು. 'ಬುಷಿ' ಎಂದರೆ ಜಪಾನಿಯಲ್ಲಿ ಧಾಟಿ. ತವರಿನ ಜನಪದ ಧಾಟಿಗೆ ಹೊಸ ನೆಲದ ದುಡಿಮೆ ಬೆಸೆದುಕೊಂಡದ್ದು ಹೆಸರಿನಲ್ಲಿಯೇ ಸ್ಪಷ್ಟ. ಬೆವರು, ಕಣ್ಣೀರು, ದಾಂಪತ್ಯದ ಬಿರುಕು ಇವುಗಳ ವಸ್ತು. ಕರಾರು ಮುಗಿದ ಮೇಲೆ ಜಪಾನಿಗೆ ಮರಳುವುದೋ ಅಮೆರಿಕದ ಮುಖ್ಯಭೂಮಿಗೆ ಸಾಗುವುದೋ ಎಂಬ ದ್ವಂದ್ವವೂ ಇಲ್ಲಿ ಮುಖ್ಯವಾಗಿದೆ.

ಈ ದ್ವಂದ್ವವನ್ನು ಕಾನೂನಿನ ಚರಿತ್ರೆಯೊಡನೆ ಇಟ್ಟು ಓದಬೇಕು. ಅಮೆರಿಕಕ್ಕೆ ಸೇರಿದ ಹವಾಯಿಯಲ್ಲಿ 1900ರಲ್ಲಿ ಕರಾರು ದುಡಿಮೆ ರದ್ದಾಯಿತು. 1907ರಲ್ಲಿ ಮುಖ್ಯಭೂಮಿಯ ದಾರಿ ಮುಚ್ಚಿತು. 1907-08ರ ಒಪ್ಪಂದ ಹೊಸ ಕೂಲಿಕಾರರನ್ನು ತಡೆದರೂ ಹೆಂಡತಿ ಮಕ್ಕಳ ಬರವಿಗೆ ಎಡೆಯಿತ್ತು. ಭಾವಚಿತ್ರ ನೋಡಿ ನಿಶ್ಚಯಿಸಿದ ವಧುಗಳು ವರನ ಕುಟುಂಬ ದಾಖಲೆಯಲ್ಲಿ ಹೆಸರು ಸೇರಿಸಿಕೊಂಡು ಬಂದರು. ಹವಾಯಿಯಲ್ಲಿ ಹುಟ್ಟಿದ ಮಕ್ಕಳು ಅಮೆರಿಕದ ಪೌರರಾದರು. ತಂದೆತಾಯಿಗಳಿಗೆ ಆ ಹಕ್ಕಿನ ಬಾಗಿಲು ತೆರೆದದ್ದು 1952ರಲ್ಲಿ. ಹಾಡು ಮುಂದಿಟ್ಟ ಎರಡು ದಾರಿಗಳ ನಡುವೆ ಅನೇಕ ಕುಟುಂಬಗಳಿಗೆ ಮೂರನೆಯದಾದ ನೆಲೆಸುವಿಕೆಯೇ ವಾಸ್ತವವಾಯಿತು.

೩. ಆಕರದ ಮಿತಿ

ಈ ಗೀತೆಗಳನ್ನು ನೇರ ದಾಖಲೆಗಳೆಂದು ಭಾವಿಸುವುದು ಸರಿಯಲ್ಲ. ಹೊಲದಿಂದ ಚಹಾಗೃಹಗಳಿಗೆ ಸಾಗಿದ ಹಾಡು ಶಾಮಿಸೆನ್ ವಾದ್ಯದೊಡನೆ ರಂಜನೆಯ ರೂಪ ತಳೆಯಿತು. ಹೊನೊಲುಲುವಿನ ಸಂಗೀತ ಶಿಕ್ಷಕ ಹ್ಯಾರಿ ಉರಾಟ ಅವರು ವೃದ್ಧ ವಲಸಿಗರಿಂದ ಇವುಗಳನ್ನು ಧ್ವನಿಮುದ್ರಿಸಿಕೊಂಡದ್ದು ಬಹುಮಟ್ಟಿಗೆ 1960ರ ದಶಕದಿಂದೀಚೆಗೆ. ಆದ್ದರಿಂದ ಲಭ್ಯ ಪಠ್ಯದಲ್ಲಿ ಹಾಡಿದ ಕಾಲ, ನೆನೆದ ಕಾಲ ಎರಡೂ ಬೆರೆತಿವೆ.

ಆದರೂ ಇದರಿಂದ ಅವುಗಳ ಮೌಲ್ಯ ಕುಗ್ಗುವುದಿಲ್ಲ. ಎಷ್ಟು ಜನ ಬಂದರು, ಎಷ್ಟು ಕೂಲಿ ಪಡೆದರು ಎಂಬುದನ್ನು ಕಡತ ಹೇಳಿದರೆ, ಉಳಿಯುವ ತೀರ್ಮಾನ ಎಷ್ಟು ಅನಿಶ್ಚಿತವಾಗಿತ್ತು ಎಂಬುದನ್ನು ಹಾಡು ಹೇಳುತ್ತದೆ. ಸಂಖ್ಯೆಯಾಗಿ ದಾಖಲಾದ ಹೆಣ್ಣು ಇಲ್ಲಿ ತನ್ನ ಬದುಕನ್ನು ತಾನೇ ಪ್ರಶ್ನಿಸಿಕೊಳ್ಳುತ್ತಾಳೆ. ವಲಸೆ ಕುಟುಂಬದ ಅಧ್ಯಯನದಲ್ಲಿ ಮೌಖಿಕ ಪಠ್ಯದ ಅನಿವಾರ್ಯತೆ ಇರುವುದು ಇಲ್ಲಿಯೇ.