ಗೋಡೆ ಕೊರೆಯದೆ ಡಿಶ್ ನಿಲ್ಲಿಸುವ ಬಗೆ



ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ಹಳ್ಳಿಗಳಲ್ಲಿ ಇಂದು ಡಿಶ್ ಇಲ್ಲದ ಮನೆ ಕಡಿಮೆ. ಆದರೆ ಅದನ್ನು ಎಲ್ಲಿ, ಹೇಗೆ ನಿಲ್ಲಿಸಬೇಕೆಂಬ ವಿಚಾರವನ್ನು ನಾವು ಸಾಕಷ್ಟು ಮಾಡುವುದಿಲ್ಲ. ಬಾಡಿಗೆ ಮನೆಯ ಗೋಡೆ ಕೊರೆದರೆ ಮಾಲೀಕರು ಒಪ್ಪರು. ಹಂಚಿನ ಮಾಡಿಗೆ ಮೊಳೆ ಹೊಡೆದರೆ ಮಳೆಗಾಲವೆಲ್ಲ ಸೋರಿಕೆ. ತೋಟದ ಮನೆಯಲ್ಲಿ ಕೆಲವು ತಿಂಗಳು ಮಾತ್ರ ಇರುವವರಿಗೆ ಕಾಯಂ ಕಂಬದ ಅಗತ್ಯವೂ ಇಲ್ಲ. ಇಂಥವರು ಬೇಕಾದಾಗ ಇಟ್ಟು, ಬೇಡವಾದಾಗ ತೆಗೆಯುವಂತೆ ಡಿಶ್ ನಿಲ್ಲಿಸಬಹುದು. ಆ ಕ್ರಮವನ್ನು ಇಲ್ಲಿ ತಿಳಿಸಿದೆ.

ಆಕಾಶದಿಂದ ಹಳ್ಳಿಗೆ ಚಿತ್ರ ಬರುವುದು ನಮ್ಮ ರಾಜ್ಯಕ್ಕೆ ಹೊಸತಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ದೇಶದ ಸುಮಾರು 2,400 ಹಳ್ಳಿಗಳಲ್ಲಿ ಉಪಗ್ರಹ ಶಿಕ್ಷಣ ಪ್ರಯೋಗ ನಡೆಯಿತು. ವಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿ ಸೇರಿದ್ದವು. ಆಗಿನ ಡಿಶ್ ತಂತಿಬಲೆಯದು, ಅಗಲ 3 ಮೀಟರು. ಈಗಿನದು ಎರಡಡಿ; ಒಬ್ಬರೇ ಎತ್ತಿಡಬಹುದು. ಹಗುರವಾದುದರಿಂದಲೇ ಗಾಳಿಗೆ ಹಾರುವ ಭಯವೂ ಹೆಚ್ಚು.

ದಿಕ್ಕು ಯಾವುದು?

ದೂರದರ್ಶನದ ಉಚಿತ ಸೇವೆಯಾದ ಡಿಡಿ ಫ್ರೀ ಡಿಶ್ ಜಿಸ್ಯಾಟ್-15 ಉಪಗ್ರಹದಿಂದ ಬರುತ್ತದೆ. ಅದು ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರು ಎತ್ತರದಲ್ಲಿ, 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ನಮ್ಮ ಮೂರು ತಾಲ್ಲೂಕುಗಳಿಂದ ನೋಡಿದರೆ ಅದು ಆಗ್ನೇಯಕ್ಕೆ, ತುಸು ಪೂರ್ವಕ್ಕೆ ವಾಲಿದಂತೆ, ಸುಮಾರು 62 ಡಿಗ್ರಿ ಎತ್ತರದಲ್ಲಿ ಸಿಗುತ್ತದೆ. ಧನುರ್ಮಾಸದಲ್ಲಿ ಸೂರ್ಯ ಹುಟ್ಟುವ ಜಾಗವನ್ನು ಗುರುತಿಟ್ಟುಕೊಳ್ಳಿ. ಕೈ ನೀಡಿ ಮುಷ್ಟಿ ಹಿಡಿದು, ಅದರ ಅಗಲಕ್ಕಿಂತ ಸ್ವಲ್ಪ ಹೆಚ್ಚು ಬಲಕ್ಕೆ ಸರಿದರೆ ದಿಕ್ಕು ಸಿಕ್ಕಿತು. ಬೇರೆ ಕಂಪನಿಯ ಡಿಶ್ ಆದರೆ ಉಪಗ್ರಹ ಬೇರೆ, ದಿಕ್ಕೂ ಬೇರೆ. ಅವರ ಕಾಗದ ನೋಡಿ.

ಆ ದಿಕ್ಕಿನಲ್ಲಿ ತೆಂಗು, ಹಲಸು ಅಡ್ಡ ಬರಬಾರದು. ಡಿಶ್‌ನ ಮಟ್ಟದಿಂದ ಮರ ಎಷ್ಟು ಎತ್ತರವಿದೆಯೋ ಅದರ ಅರ್ಧಕ್ಕಿಂತ ತುಸು ಹೆಚ್ಚು ದೂರ ಬಿಡಬೇಕು. ಗರಿ ಹರಡುವಷ್ಟನ್ನು ಮತ್ತೆ ಸೇರಿಸಬೇಕು. 40 ಅಡಿಯ ತೆಂಗಾದರೆ 21 ಅಡಿ, ಗರಿಗೆ 15 ಅಡಿ, ಒಟ್ಟು 36 ಅಡಿ. ಅಂಗಳದಲ್ಲಿ ಇಂಥ ಜಾಗ ಸಿಕ್ಕರೆ ಮಾಡು ಹತ್ತುವ ಕಾರಣವೇ ಇಲ್ಲ.

ನಿಲ್ಲಿಸುವ ಮೂರು ಕ್ರಮಗಳು

1. ಚಿರೆಕಲ್ಲಿನ ಪೀಠ: ಗಟ್ಟಿ ಮರದಿಂದ ಮೂರಡಿ ಚೌಕದ ಚೌಕಟ್ಟು ಮಾಡಿ, ನಡುವೆ ಎರಡು ಅಡ್ಡಪಟ್ಟಿ ಹಾಕಿ. ಡಿಶ್‌ನ ಕಬ್ಬಿಣದ ಪಾದವನ್ನು ಅದಕ್ಕೆ ಬೋಲ್ಟಿನಿಂದ ಬಿಗಿಯಿರಿ. ನಾಲ್ಕು ಮೂಲೆಗೆ ನಾಲ್ಕು ಚಿರೆಕಲ್ಲು ಇಡಿ. ಒಂದು ಕಲ್ಲು ಸುಮಾರು 30 ಕಿಲೋ ಎಂದರೆ ಒಟ್ಟು 120 ಕಿಲೋ ಭಾರವಾಯಿತು. ತಾರಸಿಯ ಮೇಲಿಡುವುದಾದರೆ ಕೆಳಗೆ ಹಳೆಯ ರಬ್ಬರು ಹಾಸಿರಿ. ಹಂಚಿನ ಮಾಡಿನ ಮೇಲೆ ಈ ಭಾರ ಎಂದಿಗೂ ಬೇಡ.

2. ಟೈರಿನ ಪೀಠ: ಹಳೆಯ ಕಾರಿನ ಟೈರಿನ ನಡುವೆ ಜಿ.ಐ. ಪೈಪು ನೆಟ್ಟಗೆ ನಿಲ್ಲಿಸಿ ಕಾಂಕ್ರೀಟು ತುಂಬಿರಿ. ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ಪೈಪು ನೆಟ್ಟಗಿದೆಯೇ ಎಂದು ನೋಡಿ. ಒಂದು ವಾರ ನೀರುಣಿಸಿದ ಮೇಲೆ ಡಿಶ್ ಕಟ್ಟಿರಿ. ಗಾಳಿಯ ಕಾಲಕ್ಕೆ ಟೈರಿನ ಮೇಲೆ ಮರಳಿನ ಚೀಲ ಹೇರಿರಿ.

3. ಹೂಳುವ ಪೈಪು: ಅಂಗಳದಲ್ಲಿ ಎರಡಡಿ ಆಳದ ಗುಂಡಿ ತೋಡಿ, ಪೈಪು ಇಳಿಸಿ, ಸುತ್ತ ಕಲ್ಲುಚೂರು ಮತ್ತು ಮಣ್ಣು ಹಾಕಿ ಗುದ್ದಿರಿ. ಸಿಮೆಂಟು ಬೇಡ. ಮನೆ ಬಿಡುವಾಗ ಕಿತ್ತು ಗುಂಡಿ ಮುಚ್ಚಿದರಾಯಿತು.

ಅಡಿಕೆ ಮರಕ್ಕೆ, ತೆಂಗಿಗೆ ಡಿಶ್ ಕಟ್ಟಬೇಡಿ. ಮರ ತೂಗುತ್ತದೆ, ಒಂದೆರಡು ಡಿಗ್ರಿ ಸರಿದರೂ ಚಿತ್ರ ಹೋಗುತ್ತದೆ. ವಿದ್ಯುತ್ ಕಂಬಕ್ಕೆ ಕಟ್ಟುವುದು ಪ್ರಾಣಕ್ಕೇ ಅಪಾಯ. ಡಿಶ್ ಬಿದ್ದರೂ ವಿದ್ಯುತ್ ತಂತಿಗೆ ತಾಗದಷ್ಟು ದೂರವಿರಲಿ.

ಹೊಂದಿಸುವುದು

ತಟ್ಟೆಯ ಹಿಂದಿನ ಅಂಕೆಗಳಲ್ಲಿ 62ಕ್ಕೆ ನಿಲ್ಲಿಸಿ. ತಟ್ಟೆ ಅದಕ್ಕಿಂತ ನೆಟ್ಟಗೆ ಕಂಡರೆ ಗಾಬರಿ ಬೇಡ; ಅದರ ರಚನೆಯೇ ಹಾಗೆ. ಒಬ್ಬರು ಪೆಟ್ಟಿಗೆಯ ಸಿಗ್ನಲ್ ಅಂಕೆ ನೋಡುತ್ತಿರಲಿ, ಇನ್ನೊಬ್ಬರು ಡಿಶ್ಶನ್ನು ಕೂದಲೆಳೆಯಷ್ಟೇ ತಿರುಗಿಸುತ್ತ ಪ್ರತಿಸಲ ಎರಡು ಮೂರು ಸೆಕೆಂಡು ನಿಲ್ಲಲಿ. ಅಂಕೆ ಹೆಚ್ಚಿದಲ್ಲಿ ಬೋಲ್ಟು ಬಿಗಿಯಿರಿ. ಕಡಲ ಗಾಳಿಯ ಉಪ್ಪಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುವುದರಿಂದ ಬೋಲ್ಟಿಗೆ ಗ್ರೀಸು ಹಚ್ಚಿರಿ. ಕೇಬಲನ್ನು ಒಳಗೆ ತರುವ ಮೊದಲು ತೊಟ್ಟಿಲಿನಂತೆ ಇಳಿಬಿಟ್ಟು ಮೇಲಕ್ಕೆ ತಂದರೆ ಮಳೆನೀರು ಅಲ್ಲೇ ತೊಟ್ಟಿಕ್ಕುತ್ತದೆ, ಮನೆಯೊಳಗೆ ಬಾರದು.

ಮಳೆಗಾಲದ ಎಚ್ಚರ

ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 50 ಕಿಲೋಮೀಟರ್ ಗಾಳಿ ಎರಡಡಿ ಡಿಶ್ಶನ್ನು ನಾಲ್ಕೈದು ಕಿಲೋ ಭಾರದಷ್ಟು ತಳ್ಳಿದರೆ, 100 ಕಿಲೋಮೀಟರ್ ಗಾಳಿ ಹದಿನೇಳು ಹದಿನೆಂಟು ಕಿಲೋದಷ್ಟು ತಳ್ಳುತ್ತದೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯಲ್ಲಿ ಎಬ್ಬಿಸಿದ ಗಾಳಿಯನ್ನು ಯಾರೂ ಮರೆತಿಲ್ಲ. ಇಂಥ ಮುನ್ಸೂಚನೆ ಬಂದೊಡನೆ ಡಿಶ್ ಬಿಚ್ಚಿ ಒಳಗಿಡಿ. ಕಾಯಂ ಅಲ್ಲದ ಪೀಠದ ದೊಡ್ಡ ಅನುಕೂಲವೇ ಇದು. ಪೀಠದ ಮೇಲೆ ಬಣ್ಣದ ಗುರುತು ಹಾಕಿದ್ದರೆ ಮತ್ತೆ ಹೊಂದಿಸುವುದು ಸುಲಭ. ಗುಡುಗು ಸಿಡಿಲಿದ್ದಾಗ ಪೆಟ್ಟಿಗೆಯ ಪ್ಲಗ್ಗನ್ನೂ ಕೇಬಲನ್ನೂ ಮೊದಲೇ ಬಿಡಿಸಿಡಿ; ಸಿಡಿಲು ತಲೆಯ ಮೇಲೆ ಬಂದ ಮೇಲೆ ಅವುಗಳನ್ನು ಮುಟ್ಟಬೇಡಿ.

ಕೊನೆಯದಾಗಿ ಒಂದು ಮುಖ್ಯ ಮಾತು. ಜಡಿಮಳೆಯಲ್ಲಿ ಚಿತ್ರ ನಿಂತರೆ ಡಿಶ್ ಕೆಟ್ಟಿತೆಂದು ತಿಳಿಯಬೇಡಿ. ಮಳೆಹನಿಗಳು ಅಲೆಗಳನ್ನು ಹೀರುವುದರಿಂದ ಹೀಗಾಗುತ್ತದೆ. ಮಳೆ ಇಳಿದರೆ ಚಿತ್ರ ತಾನೇ ಬರುತ್ತದೆ. ಅದಕ್ಕಾಗಿ ಪಾಚಿ ಹಿಡಿದ ಹಂಚಿನ ಮೇಲೆ ಯಾರೂ ಹತ್ತಬಾರದು, ಮಕ್ಕಳನ್ನು ಹತ್ತಿಸಲೂಬಾರದು. ಒಂದು ಧಾರಾವಾಹಿ ತಪ್ಪಿದರೆ ನಾಳೆ ನೋಡಬಹುದು. ಜಾರಿ ಬಿದ್ದು ಸೊಂಟ ಮುರಿದರೆ ಆ ವರ್ಷದ ನಾಟಿಯೇ ತಪ್ಪೀತು.

ಬೆಂಕಿ ಬಿದ್ದಾಗ ಬಾವಿ ತೋಡುವುದು ಜಾಣತನವಲ್ಲ. ರೋಹಿಣಿ ಮಳೆ ಹಿಡಿಯುವ ಮುನ್ನವೇ ನಿಮ್ಮ ಡಿಶ್‌ನ ಪಾದ, ಬೋಲ್ಟು, ಭಾರ ಮೂರನ್ನೂ ಒಮ್ಮೆ ಪರೀಕ್ಷಿಸಿರಿ. ನೆರೆಯವರಿಗೂ ತಿಳಿಸಿರಿ.